ಒಡೆಯದೆ ಒಳಗನ್ನು ಕಾಣುವ ವಿದ್ಯೆ: ವಿಜ್ಞಾನಿ ಲಿಯೋನ್ ಫೂಕೋ ಅವರ ಜೀವನ

ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂಬ ಪಾಠವನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕವನ್ನೂ ಪಡೆದಿದ್ದೇವೆ. ಆದರೆ ಭೂಮಿ ತಿರುಗುವುದನ್ನು ನಿಂತ ಜಾಗದಲ್ಲಿಯೇ ಕಣ್ಣಿಗೆ ಕಾಣುವಂತೆ ತೋರಿಸಲು ಸಾಧ್ಯವೇ? 1851ರಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ತಂತಿ ಮತ್ತು ಒಂದು ಗುಂಡಿನ ಸಹಾಯದಿಂದ ಅದನ್ನು ತೋರಿಸಿಕೊಟ್ಟವರು ಲಿಯೋನ್ ಫೂಕೋ. ಅವರ ಹೆಸರಿನ ಫ್ರೆಂಚ್ ಕಾಗುಣಿತವನ್ನು ಇಂಗ್ಲಿಷಿನಂತೆ ಓದಿ ಫೌಕಾಲ್ಟ್ ಎಂದು ಬರೆಯುವುದೂ ಉಂಟು. ಲೋಲಕದ ಪ್ರಯೋಗದಿಂದ ಅವರು ಪ್ರಸಿದ್ಧರಾದರು. ಆದರೆ ಅವರ ಇನ್ನೊಂದು ಶೋಧನೆ ಅಷ್ಟು ಪ್ರಚಾರವಿಲ್ಲದೆ ಇಂದಿಗೂ ನಮ್ಮ ಕರ್ನಾಟಕದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕಾವಲು ಕಾಯುತ್ತಿದೆ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಮಹನೀಯರ ಜೀವನವನ್ನೂ ಆ ಶೋಧನೆಯನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫೂಕೋ ಹುಟ್ಟಿದ್ದು 1819ರ ಸೆಪ್ಟೆಂಬರ್ 18ರಂದು, ಪ್ಯಾರಿಸ್‌ನಲ್ಲಿ. ತಂದೆ ಪುಸ್ತಕ ಪ್ರಕಾಶಕರು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಸಾಕಿ ಬೆಳೆಸಿದವರು ತಾಯಿ. ಹುಡುಗನ ದೇಹ ಬಹಳ ನಾಜೂಕು, ಆರೋಗ್ಯವೂ ಅಷ್ಟಕ್ಕಷ್ಟೆ. ಶಾಲೆಯಲ್ಲಿ ಅವನು ಮುಂದಿರಲಿಲ್ಲ. ಕೊಟ್ಟ ಪಾಠವನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸುವ ಸ್ವಭಾವವೂ ಅವನದಾಗಿರಲಿಲ್ಲ. ಕೊನೆಗೆ ತಾಯಿ ಅವನನ್ನು ಶಾಲೆಯಿಂದ ಬಿಡಿಸಿ, ಮನೆಯಲ್ಲಿಯೇ ಮೇಷ್ಟರನ್ನಿಟ್ಟು ಓದಿಸಿದರು.

ಪುಸ್ತಕದಲ್ಲಿ ಹಿಂದೆ ಬಿದ್ದ ಹುಡುಗ ಕೈಕೆಲಸದಲ್ಲಿ ಎಲ್ಲರನ್ನೂ ಮೀರಿಸಿದ್ದ. ಹದಿಮೂರರ ಹೊತ್ತಿಗೆ ಪುಟ್ಟ ದೋಣಿ, ಸಂದೇಶ ಕಳುಹಿಸುವ ಯಂತ್ರ, ಉಗಿಯಂತ್ರದ ಮಾದರಿ ಇವನ್ನೆಲ್ಲ ತಾನೇ ಕೂತು ಮಾಡುತ್ತಿದ್ದ. ಇಷ್ಟು ನಯವಾದ ಕೈ ಶಸ್ತ್ರವೈದ್ಯನಿಗೆ ತಕ್ಕದ್ದೆಂದು ಮನೆಯವರಿಗೆ ಅನಿಸಿತು. ಹೀಗೆ ಫೂಕೋ ವೈದ್ಯಕೀಯ ಕಾಲೇಜು ಸೇರಿದರು. ಆದರೆ ರಕ್ತವನ್ನು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ, ರೋಗಿಯ ನರಳಾಟವನ್ನು ನೋಡಲಾಗುತ್ತಿರಲಿಲ್ಲ. ಆ ಓದನ್ನು ಅಲ್ಲಿಗೇ ಬಿಡಬೇಕಾಯಿತು.

ಹಾಗೆಂದು ಆ ದಿನಗಳು ವ್ಯರ್ಥವಾಗಲಿಲ್ಲ. ಸೂಕ್ಷ್ಮದರ್ಶಕದ ಪಾಠ ಹೇಳುತ್ತಿದ್ದ ಆಲ್ಫ್ರೆಡ್ ದೊನ್ನೆ ಎಂಬ ವೈದ್ಯ ಪ್ರಾಧ್ಯಾಪಕರಿಗೆ ಫೂಕೋ ಸಹಾಯಕರಾದರು. ಛಾಯಾಗ್ರಹಣ ಆಗ ತಾನೇ ಹುಟ್ಟಿದ್ದ ವಿದ್ಯೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಛಾಯಾಚಿತ್ರವಾಗಿ ತೆಗೆಯುವ ಕೆಲಸವನ್ನು ಇಬ್ಬರೂ ಸೇರಿ ಮಾಡಿದರು. ಮುಂದೆ ದೊನ್ನೆ ಅವರು ಒಂದು ಪತ್ರಿಕೆಗೆ ಬರೆಯುತ್ತಿದ್ದ ವಿಜ್ಞಾನ ವರದಿಯ ಹೊಣೆಯೂ ಫೂಕೋ ಅವರ ಪಾಲಿಗೆ ಬಂತು. ವಿಜ್ಞಾನವನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆಯುವುದನ್ನು ಅವರು ಬಹುಕಾಲ ನಡೆಸಿಕೊಂಡು ಬಂದರು.

ಬೆಳಕಿನ ಹಿಂದೆ

ವೈದ್ಯಕೀಯ ಓದುವಾಗ ಪರಿಚಯವಾದ ಹಿಪೊಲಿಟ್ ಫಿಜೋ ಎಂಬ ಗೆಳೆಯನ ಜೊತೆ ಫೂಕೋ ಬೆಳಕಿನ ಅಧ್ಯಯನಕ್ಕೆ ತೊಡಗಿದರು. 1845ರಲ್ಲಿ ಇಬ್ಬರೂ ಸೇರಿ ಸೂರ್ಯನ ಛಾಯಾಚಿತ್ರ ತೆಗೆದರು. ಸೂರ್ಯನ ಕಲೆಗಳು ಕೂಡ ಅದರಲ್ಲಿ ಮೂಡಿದ್ದವು. ಮುಂದೆ ಗೆಳೆಯರ ದಾರಿ ಬೇರೆಯಾಯಿತು.

ಬೆಳಕು ಗಾಳಿಯಲ್ಲಿ ವೇಗವಾಗಿ ಹೋಗುತ್ತದೆಯೋ ನೀರಿನಲ್ಲಿಯೋ ಎಂಬುದು ಅಂದಿನ ದೊಡ್ಡ ಪ್ರಶ್ನೆ. ಬೆಳಕು ಕಣಗಳಿಂದಾಗಿದ್ದರೆ ನೀರಿನಲ್ಲಿ ವೇಗ ಹೆಚ್ಚಬೇಕು, ಅಲೆಯಾಗಿದ್ದರೆ ಕಡಿಮೆಯಾಗಬೇಕು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದರು. ಫೂಕೋ ಅತಿ ವೇಗವಾಗಿ ತಿರುಗುವ ಪುಟ್ಟ ಕನ್ನಡಿಯೊಂದನ್ನು ಸಿದ್ಧಪಡಿಸಿ, 1850ರಲ್ಲಿ ನೀರಿನಲ್ಲಿ ಬೆಳಕಿನ ವೇಗ ಕಡಿಮೆ ಎಂದು ತೋರಿಸಿದರು. ಮುಂದೆ 1862ರಲ್ಲಿ ಅದೇ ಬಗೆಯ ಉಪಕರಣದಿಂದ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,98,000 ಕಿಲೋಮೀಟರ್ ಎಂದು ಅಳೆದರು. ಇಂದು ನಾವು ಒಪ್ಪಿರುವ ಬೆಲೆ 2,99,792 ಕಿಲೋಮೀಟರ್. ಒಂದು ಕೋಣೆಯೊಳಗೆ ಕೂತು ಮಾಡಿದ ಅಳತೆ ಶೇಕಡಾ ಒಂದರಷ್ಟೂ ತಪ್ಪಿರಲಿಲ್ಲ.

ಭೂಮಿ ತಿರುಗಿದ್ದನ್ನು ತೋರಿಸಿದ ಲೋಲಕ

ಇನ್ನು ಲೋಲಕದ ವಿಷಯ. ತೂಗಾಡುವ ಗುಂಡು ತಾನು ತೂಗುವ ದಿಕ್ಕನ್ನು ತಾನಾಗಿ ಬದಲಿಸುವುದಿಲ್ಲ. ಹಾಗಿದ್ದರೆ ಗುಂಡನ್ನು ತೂಗಲು ಬಿಟ್ಟು ಕಾದರೆ, ಕೆಳಗಿನ ನೆಲ ಭೂಮಿಯೊಡನೆ ತಿರುಗುವುದರಿಂದ, ಗುಂಡಿನ ದಿಕ್ಕೇ ನಿಧಾನವಾಗಿ ಸರಿದಂತೆ ಕಾಣಬೇಕು. ಈ ಯೋಚನೆಯಿಂದ ಫೂಕೋ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಎರಡು ಮೀಟರ್ ತಂತಿಗೆ ಐದು ಕಿಲೋ ಗುಂಡು ಕಟ್ಟಿದರು. ಮೊದಲ ಸಲ ತಂತಿಯೇ ಕಿತ್ತುಹೋಯಿತು. ಬೇರೆ ತಂತಿ ಕಟ್ಟಿದರು. 1851ರ ಜನವರಿ 8ರ ನಡುರಾತ್ರಿ ಕಳೆದ ಮೇಲೆ, ಗುಂಡಿನ ದಿಕ್ಕು ಸರಿದದ್ದನ್ನು ಒಬ್ಬರೇ ಕಂಡರು.

ಮುಂದಿನ ತಿಂಗಳು ಪ್ಯಾರಿಸ್ ವೀಕ್ಷಣಾಲಯದಲ್ಲಿ ವಿದ್ವಾಂಸರನ್ನು ಕರೆದು ತೋರಿಸಿದರು. ಅದಾದ ಮೇಲೆ ಪ್ಯಾಂಥಿಯಾನ್ ಎಂಬ ಭವ್ಯ ಕಟ್ಟಡದ ಗುಮ್ಮಟದಿಂದ 67 ಮೀಟರ್ ಉದ್ದದ ತಂತಿ ಇಳಿಬಿಟ್ಟು, 28 ಕಿಲೋ ತೂಕದ ಗುಂಡು ಕಟ್ಟಿದರು. ಕೆಳಗೆ ಮರಳಿನ ದಿಬ್ಬ. ಗುಂಡಿನ ತುದಿಯ ಮುಳ್ಳು ಪ್ರತಿ ಸಲವೂ ಮರಳನ್ನು ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಕೊರೆಯುತ್ತ ಹೋಯಿತು. ಪ್ಯಾರಿಸ್‌ನ ಜನ ಗುಂಪುಗುಂಪಾಗಿ ಬಂದು ನೋಡಿದರು. ಪದವಿಯ ಗಣಿತ ಓದದ ಈ ಮನುಷ್ಯನಿಗೆ ಹೊಳೆದದ್ದು ತಮಗೇಕೆ ಹೊಳೆಯಲಿಲ್ಲವೆಂದು ದೊಡ್ಡ ಗಣಿತಜ್ಞರು ಪೇಚಾಡಿದರು.

ಈ ಪ್ರಯೋಗ ಎಲ್ಲ ಊರುಗಳಲ್ಲೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಧ್ರುವದಲ್ಲಿ ಲೋಲಕದ ದಿಕ್ಕು ಹೆಚ್ಚುಕಡಿಮೆ ಒಂದು ದಿನದಲ್ಲಿ ಪೂರ್ತಿ ಸುತ್ತು ಬರುತ್ತದೆ. ಸಮಭಾಜಕ ವೃತ್ತದ ಮೇಲೆ ಸರಿಯುವುದೇ ಇಲ್ಲ. ಪ್ಯಾರಿಸ್‌ನಲ್ಲಿ ಸುಮಾರು 32 ಗಂಟೆ ಬೇಕು. ದೆಹಲಿಯ ಹೊಸ ಸಂಸತ್ ಭವನದಲ್ಲಿ ಇಂಥ ಲೋಲಕವನ್ನು ಇಳಿಬಿಟ್ಟಿದ್ದಾರೆ, ಅಲ್ಲಿ ಸುಮಾರು 50 ಗಂಟೆ. ನಮ್ಮ ಮೈಸೂರು ಸಮಭಾಜಕ ವೃತ್ತಕ್ಕೆ ಇನ್ನೂ ಹತ್ತಿರ, 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಲೆಕ್ಕ ಹಾಕಿದರೆ ಸುಮಾರು 112 ಗಂಟೆ, ಅಂದರೆ ನಾಲ್ಕೂವರೆ ದಿನಕ್ಕಿಂತ ಹೆಚ್ಚು. ಗಂಟೆಗೆ ಮೂರು ಡಿಗ್ರಿ ಚಿಲ್ಲರೆ ಮಾತ್ರ ಸರಿಯುತ್ತದೆ.

ಮರುವರ್ಷ ಫೂಕೋ, ಭೂಮಿಯ ತಿರುಗುವಿಕೆಯನ್ನೇ ಇನ್ನೊಂದು ಬಗೆಯಲ್ಲಿ ತೋರಿಸಲು, ವೇಗವಾಗಿ ತಿರುಗುವ ಚಕ್ರದ ಉಪಕರಣವೊಂದನ್ನು ಮಾಡಿ ಅದಕ್ಕೆ ಗೈರೋಸ್ಕೋಪ್ ಎಂದು ಹೆಸರಿಟ್ಟರು. ಹಡಗು, ವಿಮಾನ, ರಾಕೆಟ್‌ಗಳಿಗೆ ದಿಕ್ಕು ತೋರಿಸಲು ಮುಂದೆ ಇದೇ ತತ್ತ್ವ ನೆರವಾಯಿತು.

ಲೋಹದೊಳಗಿನ ಸುಳಿ

1855ರಲ್ಲಿ ಫೂಕೋ ಅವರಿಗೆ ಪ್ಯಾರಿಸ್ ವೀಕ್ಷಣಾಲಯದಲ್ಲಿ ಭೌತವಿಜ್ಞಾನಿಯ ಹುದ್ದೆ ದೊರೆಯಿತು. ಅದೇ ವರ್ಷ ಅವರು ಮಾಡಿದ ಒಂದು ಪ್ರಯೋಗವೇ ಈ ಲೇಖನದ ಮುಖ್ಯ ವಿಷಯ.

ತಾಮ್ರದ ತಟ್ಟೆಯೊಂದನ್ನು ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಇಟ್ಟು ಹಿಡಿಕೆಯಿಂದ ತಿರುಗಿಸಿದರು. ಕಾಂತಕ್ಕೆ ವಿದ್ಯುತ್ ಕೊಡದಿದ್ದಾಗ ತಟ್ಟೆ ಹಗುರವಾಗಿ ತಿರುಗಿತು. ವಿದ್ಯುತ್ ಕೊಟ್ಟ ಕೂಡಲೇ, ಯಾವುದೂ ಮುಟ್ಟದಿದ್ದರೂ, ಯಾರೋ ಹಿಡಿದುಕೊಂಡಂತೆ ಭಾರವಾಯಿತು. ಬಿಡದೆ ಬಲ ಹಾಕಿ ತಿರುಗಿಸಿದರೆ ತಟ್ಟೆ ಬಿಸಿಯಾಯಿತು. ತಾಮ್ರ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಹಾಗಿದ್ದರೆ ತಡೆದದ್ದು ಏನು? ತಟ್ಟೆ ಕಾಂತದ ಬಲದಲ್ಲಿ ಚಲಿಸಿದಾಗ ಅದರೊಳಗೇ ವಿದ್ಯುತ್ ಹುಟ್ಟಿ, ಹೊರಹೋಗಲು ತಂತಿ ಇಲ್ಲದ್ದರಿಂದ ಅಲ್ಲಲ್ಲೇ ಸುತ್ತುತ್ತದೆ. ಕಾವೇರಿಯ ಮಡುವಿನಲ್ಲಿ ನೀರು ಸುಳಿಯಾಗಿ ಸುತ್ತುವಂತೆ ಎಂದುಕೊಳ್ಳಬಹುದು. ಅದಕ್ಕೇ ಇದನ್ನು ಕನ್ನಡದಲ್ಲಿ ಸುಳಿ ವಿದ್ಯುತ್ ಎನ್ನುತ್ತೇವೆ, ಇಂಗ್ಲಿಷ್ ಪಾಠದಲ್ಲಿ ಎಡ್ಡಿ ಕರೆಂಟ್. ಫ್ರಾನ್ಸ್‌ನಲ್ಲಿ ಇಂದಿಗೂ ಇದಕ್ಕೆ ಫೂಕೋ ಪ್ರವಾಹವೆಂದೇ ಹೆಸರು. ಇದಕ್ಕೂ ಮೊದಲು 1824ರ ಸುಮಾರಿಗೆ ಅರಾಗೋ ಇದರ ಸುಳಿವು ಕಂಡಿದ್ದರು, 1831ರಲ್ಲಿ ಮೈಕೇಲ್ ಫ್ಯಾರಡೆ ಇದರ ಮೂಲ ಕಾರಣವನ್ನು ಕಂಡುಹಿಡಿದಿದ್ದರು. ಕೈಯ ಶ್ರಮ ಸುಳಿಯ ಮೂಲಕ ಶಾಖವಾಗುವುದನ್ನು ಸ್ಪಷ್ಟವಾಗಿ ತೋರಿಸಿದ್ದು ಫೂಕೋ.

ಈ ಸುಳಿ ನಮ್ಮ ಊರಿಗೆ ಹೊಸದಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ಊರಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳನ್ನು ಇಡೀ ಗಟ್ಟಿಯಾಗಿ ಮಾಡದೆ ತೆಳು ತಗಡುಗಳನ್ನು ಜೋಡಿಸಿ ಮಾಡುವುದು ಏಕೆಂದರೆ, ಇಡಿಯಾಗಿದ್ದರೆ ಸುಳಿ ವಿದ್ಯುತ್ ಎದ್ದು ಕಬ್ಬಿಣವೇ ಕಾದು ವಿದ್ಯುತ್ ಪೋಲಾಗುತ್ತದೆ. ನಮ್ಮ ಹಳೆಯ ಮನೆಗಳ ಗೋಡೆಯ ಮೇಲಿದ್ದ ಕಪ್ಪು ಮೀಟರಿನಲ್ಲಿ ಗಾಜಿನ ಹಿಂದೆ ತಿರುಗುತ್ತಿದ್ದ ಅಲ್ಯೂಮಿನಿಯಂ ಬಿಲ್ಲೆಯನ್ನು ತಿರುಗಿಸುತ್ತಿದ್ದುದೂ ಹದ್ದುಬಸ್ತಿನಲ್ಲಿ ಇಡುತ್ತಿದ್ದುದೂ ಇದೇ ಸುಳಿ. ಈಗಿನ ಅಡುಗೆಮನೆಯ ಇಂಡಕ್ಷನ್ ಒಲೆ ಬೆಂಕಿಯಿಲ್ಲದೆ ಪಾತ್ರೆಯನ್ನು ಕಾಯಿಸುವುದೂ ಇದರಿಂದಲೇ.

ದೋಷ ಹುಡುಕುವ ಕಣ್ಣು

ಫೂಕೋ ಅವರ ಕೊನೆಯ ವರ್ಷಗಳು ದೂರದರ್ಶಕದ ಕೆಲಸದಲ್ಲಿ ಕಳೆದವು. ಆ ಕಾಲದ ದೂರದರ್ಶಕಗಳ ಲೋಹದ ಕನ್ನಡಿ ಬಹಳ ಭಾರ, ಬೇಗನೆ ಮಂಕಾಗುತ್ತಿತ್ತು. ಗಾಜನ್ನು ಉಜ್ಜಿ, ಮೇಲೆ ತೆಳುವಾಗಿ ಬೆಳ್ಳಿ ಲೇಪಿಸಿ ಕನ್ನಡಿ ಮಾಡುವ ಕ್ರಮವನ್ನು ಅವರು 1857ರಲ್ಲಿ ತಂದರು. ಆದರೆ ಉಜ್ಜಿದ ಗಾಜು ಸರಿಯಾದ ಆಕಾರಕ್ಕೆ ಬಂದಿದೆಯೇ ಎಂದು ತಿಳಿಯುವುದು ಹೇಗೆ? ತಪ್ಪಿದ್ದರೂ ಕೂದಲಿನ ದಪ್ಪದಲ್ಲಿ ನೂರಕ್ಕೊಂದು ಪಾಲಿಗಿಂತ ಕಡಿಮೆ. ಕೈಗೂ ಸಿಗದು, ಕಣ್ಣಿಗೂ ಕಾಣದು.

ಫೂಕೋ ಕಂಡುಕೊಂಡ ಉಪಾಯಕ್ಕೆ ಬೇಕಾದದ್ದು ಒಂದು ದೀಪ, ಸೂಜಿ ತೂತು ಮತ್ತು ಚಾಕುವಿನ ಅಲಗು. ಸೂಜಿ ತೂತಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು ಹಿಂದಿರುಗಿ ಒಂದು ಚುಕ್ಕೆಯಲ್ಲಿ ಸೇರುತ್ತದೆ. ಆ ಚುಕ್ಕೆಗೆ ಚಾಕುವಿನ ಅಲಗನ್ನು ಮೆಲ್ಲಗೆ ಅಡ್ಡ ತಂದರೆ, ಸರಿಯಾದ ಕನ್ನಡಿ ಒಂದೇ ಸಮನಾಗಿ ಕಪ್ಪಾಗುತ್ತದೆ. ಎಲ್ಲಾದರೂ ಉಬ್ಬುತಗ್ಗು ಇದ್ದರೆ ಅದು ಬೆಟ್ಟ, ಕಣಿವೆಗಳ ನೆರಳಿನಂತೆ ಎದ್ದು ತೋರುತ್ತದೆ. ಎಲ್ಲಿ ದೋಷವಿದೆಯೋ ಅಲ್ಲಿ ಮಾತ್ರ ಉಜ್ಜಿದರೆ ಸಾಕು. ಕನ್ನಡಿಗೆ ಒಂದು ಗೀರೂ ಬೀಳುವುದಿಲ್ಲ. ಮನೆಯಲ್ಲೇ ದೂರದರ್ಶಕ ಮಾಡುವ ಹವ್ಯಾಸಿಗಳು ಇಂದೂ ಬಳಸುವುದು ಇದೇ ಪರೀಕ್ಷೆಯನ್ನು.

ಲಂಡನ್ನಿನ ರಾಯಲ್ ಸೊಸೈಟಿ 1855ರಲ್ಲಿಯೇ ಅವರಿಗೆ ಕಾಪ್ಲಿ ಪದಕ ಕೊಟ್ಟಿತ್ತು. ಸ್ವಂತ ದೇಶದ ವಿಜ್ಞಾನ ಅಕಾಡೆಮಿ ಮಾತ್ರ ತಡಮಾಡಿತು. ಮೊದಲು ಅಭ್ಯರ್ಥಿಯಾದಾಗ ಆರಿಸದೆ, ಕೊನೆಗೆ 1865ರಲ್ಲಿ ಸದಸ್ಯತ್ವ ಕೊಟ್ಟಿತು. ಆ ಗೌರವವನ್ನು ಅನುಭವಿಸಲು ಅವರಿಗೆ ಹೆಚ್ಚು ಕಾಲವಿರಲಿಲ್ಲ. 1867ರಲ್ಲಿ ಪಾರ್ಶ್ವವಾಯುವಿನಂಥ ಕಾಯಿಲೆ ತಗುಲಿತು. ಅಷ್ಟು ನಯವಾಗಿ ಕೆಲಸ ಮಾಡಿದ ಕೈ, ಆಮೇಲೆ ಕಣ್ಣು ಮತ್ತು ನಾಲಿಗೆ ಒಂದೊಂದಾಗಿ ಸೋತವು. 1868ರ ಫೆಬ್ರವರಿ 11ರಂದು, 48ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮದುವೆಯಾಗಿರಲಿಲ್ಲ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವರದೂ ಒಂದು.

ಪ್ಯಾರಿಸ್‌ನಿಂದ ಕೈಗಾಕ್ಕೆ

ಫೂಕೋ ಅವರ ಸುಳಿ ವಿದ್ಯುತ್ತಿಗೂ ದೋಷ ಹುಡುಕುವ ಕೆಲಸಕ್ಕೂ ನಂಟು ಬೆಳೆದದ್ದು ಅವರ ಕಾಲಾನಂತರ. 1879ರಲ್ಲಿ ಡೇವಿಡ್ ಹ್ಯೂಸ್ ಎಂಬುವರು, ಸುರುಳಿ ತಂತಿಯ ಬಳಿ ಬೇರೆ ಬೇರೆ ಲೋಹಗಳನ್ನು ಇಟ್ಟಾಗ ಅದರ ವಿದ್ಯುತ್ ಬೇರೆ ಬೇರೆ ರೀತಿ ಬದಲಾಗುವುದನ್ನು ತೋರಿಸಿದರು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯ ಫ್ರೀಡ್ರಿಕ್ ಫೋರ್ಸ್ಟರ್ ಅದನ್ನು ಕಾರ್ಖಾನೆಗೆ ಒದಗುವ ಪರೀಕ್ಷೆಯಾಗಿ ಬೆಳೆಸಿದರು.

ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳಿನಿಂದ ಬಡಿದು ನೋಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಬದಲಾಗುತ್ತದೆ. ಒಡೆದು ನೋಡಿದರೆ ಬಿರುಕು ತಿಳಿಯಬಹುದು, ಆದರೆ ಮಡಕೆ ಉಳಿಯುವುದಿಲ್ಲ. ಸುಳಿ ವಿದ್ಯುತ್ ಪರೀಕ್ಷೆಯ ಉದ್ದೇಶವೂ ಇದೇ. ಪುಟ್ಟ ಸುರುಳಿಯಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ ಹರಿಸಿ ಲೋಹದ ಹತ್ತಿರ ತಂದರೆ, ಲೋಹದೊಳಗೆ ಸುಳಿ ಏಳುತ್ತದೆ. ಲೋಹ ಸರಿಯಾಗಿದ್ದರೆ ಸುಳಿ ಒಂದೇ ಸಮ. ಬಿರುಕು ಅಡ್ಡ ಬಂದರೆ, ನದಿಯಲ್ಲಿ ಬಂಡೆ ಅಡ್ಡ ಬಂದಂತೆ, ಸುಳಿ ಪಕ್ಕಕ್ಕೆ ಸರಿಯುತ್ತದೆ. ಆ ಬದಲಾವಣೆಯನ್ನು ಸುರುಳಿಯೇ ಗುರುತಿಸಿ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ.

ಇದು ಅಣು ವಿದ್ಯುತ್ ಸ್ಥಾವರಕ್ಕೆ ಏಕೆ ಬೇಕು? ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಡದಲ್ಲಿರುವ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಪರಮಾಣು ಕುಲುಮೆಯ ಶಾಖವನ್ನು ಭಾರಜಲ ಹೊತ್ತು ತರುತ್ತದೆ. ಉಗಿ ತಯಾರಿಸುವ ಪಾತ್ರೆಯೊಳಗೆ ಸಾವಿರಕ್ಕೂ ಹೆಚ್ಚು ತೆಳು ಕೊಳವೆಗಳಲ್ಲಿ ಈ ಭಾರಜಲ ಹರಿದರೆ, ಹೊರಗಿನ ಸಾಮಾನ್ಯ ನೀರು ಕಾದು ಉಗಿಯಾಗುತ್ತದೆ. ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ಇರುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಗೋಡೆ ಮಾತ್ರ. ಅದು ಸವೆದು ತೂತಾದರೆ ವಿಕಿರಣವುಳ್ಳ ನೀರು ಇತ್ತ ಬರುತ್ತದೆ, ಬೆಲೆಬಾಳುವ ಭಾರಜಲವೂ ನಷ್ಟವಾಗುತ್ತದೆ.

ಆದ್ದರಿಂದ ಘಟಕವನ್ನು ನಿಲ್ಲಿಸಿದಾಗ ಈ ಕೊಳವೆಗಳೊಳಗೆ ಸುರುಳಿಯ ಶೋಧಕವನ್ನು ತೂರಿಸಿ ಎಳೆಯುತ್ತಾ ಪರೀಕ್ಷಿಸುತ್ತಾರೆ. ಬೇಕೆಂದೇ ತೂತು, ಗೀರು ಮಾಡಿದ ಮಾದರಿ ಕೊಳವೆಯಲ್ಲಿ ಉಪಕರಣವನ್ನು ಮೊದಲು ಹೊಂದಿಸಿಕೊಂಡು, ಅದರ ಗೆರೆಗಳೊಡನೆ ನಿಜವಾದ ಕೊಳವೆಯ ಗೆರೆಗಳನ್ನು ಹೋಲಿಸುತ್ತಾರೆ. ಮಿತಿ ಮೀರಿ ಸವೆದ ಕೊಳವೆಯ ಎರಡೂ ತುದಿಗೆ ಬಿರಡೆ ಹಾಕಿ ಮುಚ್ಚಿಬಿಡುತ್ತಾರೆ. ಮಿಕ್ಕ ಕೊಳವೆಗಳು ಕೆಲಸ ಮುಂದುವರಿಸುತ್ತವೆ.

ಕುಲುಮೆಯೊಳಗಿನ ಕೆಲಸ ಇನ್ನೂ ಸೂಕ್ಷ್ಮ. ಪ್ರತಿ ಘಟಕದಲ್ಲೂ ಇಂಧನವಿರುವ 306 ಕೊಳವೆ ಮಾರ್ಗಗಳಿವೆ. ಒಳಗಿನ ಬಿಸಿ ಕೊಳವೆ ಹೊರಗಿನ ತಣ್ಣನೆಯ ಕೊಳವೆಗೆ ತಾಗದಂತೆ ನಡುವೆ ಉಂಗುರದಂಥ ಸ್ಪ್ರಿಂಗುಗಳನ್ನು ಇಟ್ಟಿರುತ್ತಾರೆ. ಸ್ಪ್ರಿಂಗ್ ಜಾಗ ಬಿಟ್ಟು ಸರಿದರೆ ಬಿಸಿ ಕೊಳವೆ ಬಾಗಿ ತಾಗಬಹುದು, ತಾಗಿದ ಕಡೆ ಲೋಹ ಪೆಡಸಾಗಿ ಬಿರಿಯಬಹುದು. 1983ರಲ್ಲಿ ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ ಹೀಗೆಯೇ ಒಂದು ಕೊಳವೆ ಸೀಳಿತ್ತು. ಆ ಸ್ಪ್ರಿಂಗುಗಳು ಕಣ್ಣಿಗೆ ಕಾಣುವ ಜಾಗದಲ್ಲಿಲ್ಲ, ಮನುಷ್ಯರು ಅಲ್ಲಿಗೆ ಹೋಗುವಂತೆಯೂ ಇಲ್ಲ. ಕೊಳವೆಯ ಒಳಗಿನಿಂದ ಗೋಡೆಯಾಚೆಗಿನ ಸ್ಪ್ರಿಂಗ್ ಎಲ್ಲಿದೆ ಎಂದು ಹೇಳುವುದು ಫೂಕೋ ಅವರ ಸುಳಿ. ಕೊಳವೆಯ ಗೋಡೆಯ ಒಳ ಬಿರುಕುಗಳನ್ನು ಹುಡುಕಲು ಶ್ರವಣಾತೀತ ಧ್ವನಿಯ ಪರೀಕ್ಷೆಯನ್ನು ಜೊತೆಗೆ ಬಳಸುತ್ತಾರೆ. ಏಕೆಂದರೆ ಸುಳಿ ವಿದ್ಯುತ್ ಲೋಹದಲ್ಲಿ ಬಹಳ ಆಳಕ್ಕೆ ಇಳಿಯುವುದಿಲ್ಲ.

ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ 962 ದಿನ ನಡೆದು ಅಂದಿಗೆ ವಿಶ್ವದಾಖಲೆ ಮಾಡಿತು. ಅಷ್ಟು ದಿನ ನಿಲ್ಲದೆ ನಡೆಯಬೇಕಾದರೆ ಮೊದಲೇ ಪ್ರತಿ ಕೊಳವೆಯ ಮೇಲೂ ನಂಬಿಕೆ ಇರಬೇಕು. ಆ ನಂಬಿಕೆ ಬರುವುದು ಪರೀಕ್ಷೆಯಿಂದ. ಅಣು ವಿದ್ಯುತ್ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಇರುವ ಸ್ಥಾವರದ ಕೊಳವೆ ಸೋರಬಾರದು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಪರದೆಯ ಗೆರೆ ಓದುವವರ ಎಚ್ಚರದ ಮೇಲೆ ಅಲ್ಲಿಯ ಕೆಲಸಗಾರರ ಮತ್ತು ಕಾಳಿ ದಡದ ಊರುಗಳ ಕ್ಷೇಮ ನಿಂತಿದೆ. ಅಂಥ ಗೆರೆ ಓದುವ ಕೆಲಸಕ್ಕೆ ನಮ್ಮ ಶಾಲೆಯ ಮಕ್ಕಳೂ ಮುಂದೆ ಹೋಗಬಹುದು. ಡಿಪ್ಲೊಮಾ, ಐಟಿಐ ಮುಗಿಸಿದವರಿಗೂ ಈ ಪರೀಕ್ಷಾ ವಿದ್ಯೆಯಲ್ಲಿ ತರಬೇತಿ ಮತ್ತು ಅರ್ಹತಾ ಪತ್ರಗಳುಂಟು.

ನಮಗೆ ಉಳಿದ ಪಾಠ

ಫೂಕೋ ಅವರ ಬದುಕಿನಲ್ಲಿ ಶಿಕ್ಷಕರು ಗಮನಿಸಬೇಕಾದ ಒಂದು ಅಂಶವಿದೆ. ಶಾಲೆಯ ಅಳತೆಯಲ್ಲಿ ಅವರು ಹಿಂದುಳಿದ ಹುಡುಗ. ಪಾಠ ಒಪ್ಪಿಸುವುದನ್ನು ಮಾತ್ರ ನೋಡಿದ್ದರೆ ಆ ಕೈಯ ಬೆಲೆ ಯಾರಿಗೂ ತಿಳಿಯುತ್ತಿರಲಿಲ್ಲ. ತಾಯಿ ಅದನ್ನು ಕಂಡರು, ಕಾದರು. ಹಿಂದಿನ ಬೆಂಚಿನಲ್ಲಿ ಕೂತು ಸೈಕಲ್ಲಿನ ಡೈನಮೋ ಬಿಚ್ಚಿ ಜೋಡಿಸುವ ಹುಡುಗ, ಕೆಟ್ಟ ರೇಡಿಯೋ ಸರಿಮಾಡುವ ಹುಡುಗಿ ಪ್ರತಿ ತರಗತಿಯಲ್ಲೂ ಇದ್ದೇ ಇರುತ್ತಾರೆ. ಅವರ ಕೊರತೆಯನ್ನು ಮನಸ್ಸು ಮುರಿಯದೆ ತಿಳಿದು, ಬೇಕಾದ ಕಡೆಯಷ್ಟೇ ತಿದ್ದುವುದು ಮೇಷ್ಟರ ಕೆಲಸ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಮಹೋತ್ಸವದ ನೆನಪಿಗೆ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪೈಪನ್ನೂ, ಅದರೊಳಗೆ ಸಲೀಸಾಗಿ ಜಾರುವಂಥ ನಿಯೋಡಿಮಿಯಮ್ ಅಯಸ್ಕಾಂತವನ್ನೂ ಕೊಡಿಸಬಹುದು. ದೊಡ್ಡ ಖರ್ಚೇನಲ್ಲ. ಪೈಪನ್ನು ನೆಟ್ಟಗೆ ಹಿಡಿದು ಕಲ್ಲು ಹಾಕಿದರೆ ತಕ್ಷಣ ಕೆಳಗೆ ಬೀಳುತ್ತದೆ. ಅಯಸ್ಕಾಂತ ಹಾಕಿದರೆ, ಅಲ್ಯೂಮಿನಿಯಂಗೆ ಅಂಟದಿದ್ದರೂ, ನೀರಿನಲ್ಲಿ ಮುಳುಗುವಂತೆ ನಿಧಾನವಾಗಿ ಇಳಿದು ಬರುತ್ತದೆ. ತಡೆಯುವುದು 1855ರಲ್ಲಿ ತಾಮ್ರದ ತಟ್ಟೆಯನ್ನು ತಡೆದ ಅದೇ ಸುಳಿ. ಎಂಟನೇ ತರಗತಿಯ ಮಗುವೂ ತನ್ನ ಕೈಯಿಂದಲೇ ಮಾಡಿ ನೋಡಬಹುದು.